ಕೊಡಲಿಯಿಂದ ಕೆತ್ತಿದ ಚಕ್ರ

ಕಳೆದ ವರ್ಷದ ಮೇ ತಿಂಗಳ ಒಂದು ಶುಕ್ರವಾರ, ಮಧ್ಯಾಹ್ನ ಎರಡು ಗಂಟೆಯ ಉರಿಬಿಸಿಲಿನಲ್ಲಿ, ನಾವು ನಿಪ್ಪಾಣಿಯನ್ನು ದಾಟಿ ತವಂದಿ ಘಾಟಿನ ಏರಿನಲ್ಲಿ ಕಾರನ್ನು ರಸ್ತೆಯ ಎಡಬದಿಗೆ ನಿಲ್ಲಿಸಿಕೊಂಡು ನಿಂತಿದ್ದೆವು. ನಿಲ್ಲಿಸಿಕೊಂಡು ಎಂಬುದು ಮಾನ ಕಾಯುವ ಮಾತು. ಕಾರು ತಾನಾಗಿಯೇ ನಿಂತಿತ್ತು. ಪುಣೆಯಿಂದ ಧಾರವಾಡಕ್ಕೆ ನಾಲ್ಕುನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿ. ಮರುದಿನ ಬೆಳಿಗ್ಗೆ ನಮ್ಮ ಅಕ್ಕನ ಮಗಳ ಮದುವೆ. ಅಂದು ಸಂಜೆಯ ದೇವಕಾರ್ಯಕ್ಕೆ ಸೋದರಮಾವನ ಮನೆಯವರಾಗಿ ನಾವು ಇರಲೇಬೇಕಾಗಿತ್ತು. ಹಿಂದಿನ ಸೀಟಿನಲ್ಲಿ ಎಪ್ಪತ್ತೆಂಟು ವರ್ಷದ ನಮ್ಮ ತಾಯಿಯವರು; ಅವರ ತೊಡೆಯ ಮೇಲೆ ಮದುಮಗಳಿಗೆ ಕೊಡಬೇಕಾದ ಇಳಕಲ್ ಸೀರೆಯ ಪೆಟ್ಟಿಗೆ.

ಎಂಜಿನ್ನು ಸದ್ದಿಲ್ಲದೆ ಸತ್ತಿತ್ತು. ಹೊಗೆಯಿಲ್ಲ, ವಾಸನೆಯಿಲ್ಲ, ಎಲ್ಲಿಯೂ ಸೋರಿಕೆಯಿಲ್ಲ. ಬಾನೆಟ್ ಎತ್ತಿ ನೋಡಿದರೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಮುಚ್ಚಳ, ಅದರ ಮೇಲೆ ಕಂಪನಿಯ ಹೆಸರು. ಗಂಡಸರು ಇಂತಹ ಸಂದರ್ಭದಲ್ಲಿ ಬಾನೆಟ್ ಎತ್ತಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು ಒಂದು ಆಚರಣೆಯಾಗಿ ಉಳಿದಿದೆಯೇ ಹೊರತು, ಅಲ್ಲಿ ನೋಡುವಂಥದ್ದು ಈಗ ಏನೂ ಇರುವುದಿಲ್ಲ. ಸಹಾಯವಾಣಿಗೆ ಫೋನು ಮಾಡಿದೆವು. ಬಹಳ ಸೌಜನ್ಯದಿಂದ ಮಾತನಾಡಿದ ಹುಡುಗಿ ನಮ್ಮ ಪಿನ್ ಕೋಡ್ ಕೇಳಿದಳು. ಘಾಟಿಗೆ ಪಿನ್ ಕೋಡ್ ಇದೆಯೇ ಎಂಬುದು ನಮಗೆ ತಿಳಿದಿರಲಿಲ್ಲ. ಕೊನೆಗೆ, ಎಳೆದೊಯ್ಯುವ ಗಾಡಿ ಕೊಲ್ಹಾಪುರದಿಂದ ಸಂಜೆಯೊಳಗೆ ಬರುವುದೆಂದೂ, ಆದರೆ ಕಾರ್ಯಾಗಾರದಲ್ಲಿ ಕಾರನ್ನು ಸೋಮವಾರವೇ ಪರೀಕ್ಷಿಸಲಾಗುವುದೆಂದೂ ತಿಳಿಸಿದಳು. ಮದುವೆ ಶನಿವಾರ.

ಹಿಂದಿನಿಂದ ಏದುಸಿರು ಬಿಡುತ್ತಾ ಏರಿ ಬಂದ ಲಾರಿಯೊಂದರ ಚಾಲಕ ನಮ್ಮ ಸ್ಥಿತಿಯನ್ನು ಕಂಡು, ನಿಪ್ಪಾಣಿಯ ಒಬ್ಬ ಮಿಸ್ತ್ರಿಯ ನಂಬರು ಕೊಟ್ಟ. ‘ಅರ್ಧಾ ತಾಸಿನ್ಯಾಗ ಬರ್ತೀನಿ, ಗಾಡಿ ಮುಟ್ಟಬ್ಯಾಡ್ರಿ’ ಎಂದಿತು ಅತ್ತ ಕಡೆಯ ಧ್ವನಿ. ಆ ಅರ್ಧ ತಾಸು ಒಂದೂವರೆ ತಾಸಾಯಿತು. ತಾಯಿಯವರನ್ನು ರಸ್ತೆಬದಿಯ ಒಂದು ಚಹಾದಂಗಡಿಯ ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿದೆವು. ಕಾಯುವವರಿಗೆ ಮಾಡಲು ಬೇರೆ ಕೆಲಸವಿರುವುದಿಲ್ಲವಾದ್ದರಿಂದ, ಊರಿನಿಂದ ದೂರ ಬಂದು ಹೀಗೆ ನಡುದಾರಿಯಲ್ಲಿ ನಿಂತವರ ಚರಿತ್ರೆಯನ್ನು ನೆನೆಯುತ್ತಾ ಕುಳಿತೆವು. ಅದು ಕಾರಿನ ಚರಿತ್ರೆಯಷ್ಟೇ ಹಳೆಯದು.

ಮೊದಲ ದೂರಪ್ರಯಾಣದಲ್ಲಿಯೇ ಕಾರು ಕೆಟ್ಟಿತ್ತು, ಒಂದಲ್ಲ, ಹಲವು ಸಲ. ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ವಾಹನಕ್ಕೆ ಪೇಟೆಂಟ್ ಕೋರಿ ಅರ್ಜಿ ಹಾಕಿದ್ದು 1886ರ ಜನವರಿ 29ರಂದು. ಪೇಟೆಂಟ್ ಬಂದಿತು, ಗಿರಾಕಿಗಳು ಬರಲಿಲ್ಲ. ಕುದುರೆಯಿಲ್ಲದ ಗಾಡಿಯನ್ನು ನಂಬಿ ಊರ ಹೊರಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ, ಬೆಂಜನಿಗೂ ಸೇರಿದಂತೆ. 1888ರ ಆಗಸ್ಟಿನಲ್ಲಿ ಆತನ ಹೆಂಡತಿ ಬರ್ಥಾ, ಗಂಡನಿಗೆ ಮುಂಚಿತವಾಗಿ ಹೇಳದೆ, ಹದಿನೈದು ವರ್ಷದ ಓಯ್ಗನ್ ಮತ್ತು ಹದಿಮೂರು ವರ್ಷದ ರಿಚರ್ಡ್ ಎಂಬ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ತನ್ನ ತವರಾದ ಫೋರ್ಟ್ಸ್‌ಹೈಮಿಗೆ ಹೊರಟಳು. ನೂರು ಕಿಲೋಮೀಟರಿಗಿಂತ ತುಸು ಹೆಚ್ಚಿನ ದಾರಿ. ತವರಿಗೆ ಹೋಗುವುದಕ್ಕೆ ಗಂಡನ ಅಪ್ಪಣೆ ಕೇಳದ ಹೆಣ್ಣು ನಮ್ಮ ಜಾನಪದಕ್ಕೆ ಹೊಸಬಳೇನಲ್ಲ. ಗಂಡನ ಯಂತ್ರವನ್ನೇ ಏರಿ ಹೋದದ್ದು ಮಾತ್ರ ಹೊಸದು. ಆ ಯಂತ್ರವನ್ನು ಕಟ್ಟಿದ್ದು ಆಕೆಯ ವರದಕ್ಷಿಣೆಯ ಹಣದ ಬಲದಿಂದಲೂ ಹೌದು ಎಂಬುದನ್ನು ನೆನೆದರೆ, ಅಪ್ಪಣೆಯ ಪ್ರಶ್ನೆ ಇನ್ನಷ್ಟು ಸಡಿಲವಾಗುತ್ತದೆ.

ದಾರಿಯಲ್ಲಿ ಇಂಧನದ ನಳಿಕೆ ಕಟ್ಟಿಕೊಂಡಿತು. ಟೋಪಿಗೆ ಸಿಕ್ಕಿಸಿದ್ದ ಉದ್ದನೆಯ ಪಿನ್ನನ್ನು ತೆಗೆದು ಬರ್ಥಾ ಅದನ್ನು ಚುಚ್ಚಿ ಬಿಡಿಸಿದಳು. ಕಿಡಿ ಹೊತ್ತಿಸುವ ತಂತಿಯ ಹೊದಿಕೆ ಸವೆದು ಹೋಯಿತು. ಕಾಲುಚೀಲಕ್ಕೆ ಕಟ್ಟುವ ಪಟ್ಟಿಯನ್ನು ಬಿಚ್ಚಿ ಅದಕ್ಕೆ ಸುತ್ತಿದಳು. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧದಂಗಡಿಯ ಮುಂದೆ ನಿಂತು ಲಿಗ್ರೋಯಿನ್ ಎಂಬ ದ್ರಾವಣವನ್ನು ಕೊಂಡಳು. ಅದನ್ನು ಆ ದಿನಗಳಲ್ಲಿ ಮಾರುತ್ತಿದ್ದುದು ಬಟ್ಟೆಯ ಕಲೆ ತೆಗೆಯುವುದಕ್ಕೆ. ಆ ಅಂಗಡಿ ಇಂದಿಗೂ ಜಗತ್ತಿನ ಮೊದಲ ಪೆಟ್ರೋಲ್ ಬಂಕು ಎಂಬ ಹೆಗ್ಗಳಿಕೆಯಲ್ಲಿದೆ. ನೀರು ಆವಿಯಾಗಿ ಹೋಗುವ ಮೂಲಕವೇ ತಣಿಯುವ ಎಂಜಿನ್ನದು. ಕಂಡ ಕಂಡಲ್ಲೆಲ್ಲ ನೀರು ತುಂಬಿಸಬೇಕು. ಸಡಿಲಗೊಂಡ ಸರಪಳಿಯನ್ನು ಬ್ರುಖ್‌ಸಾಲಿನ ಕಮ್ಮಾರನೊಬ್ಬ ಸರಿಮಾಡಿಕೊಟ್ಟ. ಮರದ ತುಂಡನ್ನು ಚಕ್ರಕ್ಕೆ ಒತ್ತುವ ಬ್ರೇಕು ಇಳಿಜಾರುಗಳಲ್ಲಿ ಸವೆದು ಹೋದಾಗ, ಬೌಶ್‌ಲಾಟ್ ಹಳ್ಳಿಯಲ್ಲಿ ಜೋಡು ಹೊಲಿಯುವವನೊಬ್ಬ ಅದಕ್ಕೆ ಚರ್ಮದ ಪಟ್ಟಿ ಹೊಡೆದುಕೊಟ್ಟ. ಏರು ಬಂದಾಗ ಒಬ್ಬರು ನಡೆಸಿದರು, ಉಳಿದವರು ತಳ್ಳಿದರು. ಇಳಿಸಂಜೆಗೆ ಫೋರ್ಟ್ಸ್‌ಹೈಮ್ ಸೇರಿ ಬರ್ಥಾ ಗಂಡನಿಗೆ ತಂತಿ ಕಳಿಸಿದಳು.

ಈ ಕಥೆಯನ್ನು ಇಂದು ಸಾಮಾನ್ಯವಾಗಿ ಒಬ್ಬ ದಿಟ್ಟ ಹೆಣ್ಣಿನ ಕಥೆಯಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ನಮ್ಮ ಕಣ್ಣು ಆಕೆಗೆ ನೆರವಾದವರ ಸಾಲಿನ ಮೇಲೆ ನಿಲ್ಲುತ್ತದೆ: ಔಷಧ ಮಾರುವವ, ಕಮ್ಮಾರ, ಜೋಡು ಹೊಲಿಯುವವ. ಇವರಲ್ಲಿ ಒಬ್ಬನೂ ಅದುವರೆಗೆ ಕಾರನ್ನು ಕಂಡವನಲ್ಲ. ಆದರೂ ಕೆಟ್ಟದ್ದು ಏನೆಂದು ಅವರ ಕೈಗೆ ತಿಳಿಯಿತು. ಸರಪಳಿ ಸರಪಳಿಯಾಗಿತ್ತು, ಚರ್ಮ ಚರ್ಮವಾಗಿತ್ತು. ಹೊಸ ಯಂತ್ರ ಹಳೆಯ ಕಸುಬುಗಳ ಭಾಷೆಯಲ್ಲಿಯೇ ಕೆಟ್ಟಿತ್ತು. ಮುಂದಿನ ಐವತ್ತು ವರ್ಷಗಳಲ್ಲಿ ಕುದುರೆಗೆ ಲಾಳ ಹೊಡೆಯುವ ಕಮ್ಮಾರನ ಕೆಲಸವನ್ನು ಇದೇ ಯಂತ್ರ ಕಸಿದುಕೊಂಡಿತು. ತನ್ನನ್ನು ಮುಗಿಸಲು ಬಂದದ್ದನ್ನು ಆತ ತಾನೇ ಸರಿಮಾಡಿ ಮುಂದಕ್ಕೆ ಕಳಿಸಿದ.

ಚಹಾದಂಗಡಿಯ ಬೆಂಚಿನ ಮೇಲೆ ನಮಗೆ ಬರ್ಥಾಳಿಗಿಂತಲೂ ಹೆಚ್ಚು ನೆನಪಾದದ್ದು ಇನ್ನೊಂದು ಪ್ರಯಾಣ. ಇಂಗ್ಲಿಷ್ ಎಂ.ಎ. ಓದುತ್ತಿದ್ದ ಕಾಲದಲ್ಲಿ, ಪಠ್ಯದಲ್ಲಿಲ್ಲದ ಪುಸ್ತಕಗಳನ್ನು ಓದುವ ಚಟದಿಂದಾಗಿ, ಲುಯಿಜಿ ಬಾರ್ಜೀನಿ ಎಂಬ ಇಟಲಿಯ ಪತ್ರಕರ್ತ ಪೀಕಿಂಗ್‌ನಿಂದ ಪ್ಯಾರಿಸ್ಸಿಗೆ ಕಾರಿನಲ್ಲಿ ಹೋದ ಕಥನದ ಇಂಗ್ಲಿಷ್ ಅನುವಾದ ಕೈಗೆ ಸಿಕ್ಕಿತ್ತು. ಆಗ ಅದನ್ನು ಸಾಹಸದ ಕಥೆಯಾಗಿ ಓದಿದ್ದೆವು. ತವಂದಿ ಘಾಟಿನಲ್ಲಿ ಅದು ಬೇರೆಯಾಗಿ ಕಂಡಿತು.

1907ರ ಜನವರಿಯಲ್ಲಿ ಪ್ಯಾರಿಸ್ಸಿನ ‘ಲ ಮ್ಯಾತಾಂ’ ಪತ್ರಿಕೆ ಒಂದು ಸವಾಲನ್ನು ಪ್ರಕಟಿಸಿತು: ಪೀಕಿಂಗ್‌ನಿಂದ ಪ್ಯಾರಿಸ್ಸಿಗೆ ಕಾರಿನಲ್ಲಿ ಬರುವವರು ಯಾರಾದರೂ ಇದ್ದಾರೆಯೇ? ಜೂನ್ 10ರಂದು ಐದು ವಾಹನಗಳು ಪೀಕಿಂಗ್‌ನಿಂದ ಹೊರಟವು. ಎರಡು ಫ್ರಾನ್ಸಿನ ದ ದಿಯೋಂ ಕಾರುಗಳು, ಒಂದು ಮೂರು ಚಕ್ರದ ಕೊಂತಾಲ್, ಒಂದು ಹಾಲೆಂಡಿನ ಸ್ಪೈಕರ್, ಒಂದು ಇಟಲಿಯ ಇಟಾಲಾ. ಇಟಾಲಾದಲ್ಲಿ ರಾಜಕುಮಾರ ಶಿಪಿಯೋನೆ ಬೋರ್ಗೇಸೆ, ಆತನ ಮೆಕ್ಯಾನಿಕ್ ಎತ್ತೋರೆ ಗುಯಿತ್ಸಾರ್ದಿ, ಮತ್ತು ಬಾರ್ಜೀನಿ. ಬೋರ್ಗೇಸೆ ಅತ್ಯಂತ ಅಚ್ಚುಕಟ್ಟಿನ ಮನುಷ್ಯ. ಕಾರಿನ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಬಿದಿರಿನ ಗಳುವನ್ನು ಹಿಡಿದು, ಪೀಕಿಂಗ್‌ನ ಉತ್ತರದ ಕಣಿವೆಗಳನ್ನು ಮೊದಲೇ ಕುದುರೆಯ ಮೇಲೆ ಹೋಗಿ ಅಳೆದು ಬಂದಿದ್ದ. ದಾರಿಯುದ್ದಕ್ಕೂ ಪೆಟ್ರೋಲು, ಟಯರುಗಳನ್ನು ಮುಂಚಿತವಾಗಿ ಇಡಿಸಿದ್ದ. ಸ್ಪೈಕರಿನ ಶಾರ್ಲ್ ಗೋದಾರ್ ಇದಕ್ಕೆ ನೇರ ವಿರುದ್ಧ. ಜೇಬಿನಲ್ಲಿ ಕಾಸಿಲ್ಲದೆ, ಹಡಗಿನ ಖರ್ಚಿಗಾಗಿ ಕಾರಿನ ಬಿಡಿಭಾಗಗಳನ್ನೇ ಮಾರಿ ಚೀನಾ ಮುಟ್ಟಿದ್ದವನು. ಸರಕಾರಿ ನೌಕರಿಯಲ್ಲಿರುವ ನಮಗೆ ಬೋರ್ಗೇಸೆಯ ಮೇಲೆ ಗೌರವವಿರಬೇಕು. ಆದರೆ ಪ್ರೀತಿ ಗೋದಾರನ ಕಡೆಗೇ ಹರಿಯುತ್ತದೆ.

ಕೊಂತಾಲ್ ಗೋಬಿ ಮರುಭೂಮಿಯಲ್ಲಿಯೇ ಉಳಿಯಿತು. ಬೈಕಲ್ ಸರೋವರದ ಬಳಿ ಹಳೆಯ ಮರದ ಸೇತುವೆಯೊಂದು ಇಟಾಲಾದ ಭಾರಕ್ಕೆ ಕುಸಿದು, ಕಾರು ಹಿಂಬದಿಯಾಗಿ ಕೆಳಗೆ ಬಿದ್ದಿತು. ರೈಲುದಾರಿಯ ಕೆಲಸಗಾರರು ಹಗ್ಗ ಹಾಕಿ ಎಳೆದರು; ಎಂಜಿನ್ನು ಮತ್ತೆ ಹೊತ್ತಿಕೊಂಡಿತು. ಆದರೆ ಇಟಾಲಾವನ್ನು ನಿಜವಾಗಿಯೂ ಕಾಡಿದ್ದು ಸೈಬೀರಿಯಾವನ್ನು ದಾಟಿದ ಮೇಲೆ, ಯುರಲ್ ಪರ್ವತಗಳ ಸೀಮೆಯಲ್ಲಿ. ಕಾರಿನ ಚಕ್ರಗಳಿಗೆ ಮರದ ಅರೆಕಾಲುಗಳಿದ್ದವು. ವಾರಗಟ್ಟಲೆ ಬಿಸಿಲು, ಕೆಸರು, ಹೊಳೆಗಳನ್ನು ಕಂಡ ಮರ ಒಣಗಿ ಸಡಿಲವಾಗಿ, ಹಿಂದಿನ ಒಂದು ಚಕ್ರ ಕಿರುಗುಟ್ಟತೊಡಗಿತು. ಮರ ಉಬ್ಬಿ ಬಿಗಿಯಾಗಲೆಂದು ಅದನ್ನು ನೀರಿನಲ್ಲಿ ನೆನೆಯಿಟ್ಟರು. ನಮ್ಮ ಹಳ್ಳಿಗಳಲ್ಲಿ ಚಕ್ಕಡಿಯ ಗಾಲಿಯನ್ನು ಕೆರೆಯಲ್ಲಿ ನೆನೆಸುತ್ತಿದ್ದುದನ್ನು ಕಂಡವರಿಗೆ ಇದು ಹೊಸ ಉಪಾಯವಲ್ಲ. ಅದೂ ಹೆಚ್ಚು ದಿನ ಬಾಳಲಿಲ್ಲ. ಪೆರ್ಮ್ ಪ್ರಾಂತ್ಯದ ಹಾದಿಯಲ್ಲಿ ಚಕ್ರ ಪೂರ್ತಿ ಕೈಕೊಟ್ಟಿತು.

ಅತ್ಯಂತ ಹತ್ತಿರದ ಇಟಾಲಾ ಕಾರ್ಖಾನೆ ಟೂರಿನ್ನಿನಲ್ಲಿತ್ತು. ರಾಜಕುಮಾರನ ಹಣ, ಪದವಿ, ಮುಂದಾಲೋಚನೆ ಯಾವುದೂ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಅವರನ್ನು ಪಾರುಮಾಡಿದ್ದು ಗಾಡಿ ಮಾಡುವ ಒಬ್ಬ ಮುದುಕ, ರಷ್ಯದ ಹಳ್ಳಿಗ. ಅವನ ಬಳಿ ಮುಖ್ಯವಾಗಿ ಇದ್ದ ಉಪಕರಣ ಒಂದು ಕೊಡಲಿ. ಆ ಕೊಡಲಿಯಿಂದಲೇ ಆತ ಮರವನ್ನು ಸೀಳಿ, ಕೆತ್ತಿ, ನಯಗೊಳಿಸಿ, ಅರೆಕಾಲುಗಳನ್ನು ಕೂರಿಸಿ ಚಕ್ರವನ್ನು ಮತ್ತೆ ಕಟ್ಟಿದ. ಅವನ ಕೈಯ ಲೆಕ್ಕವನ್ನು ಬಾರ್ಜೀನಿ ಬೆರಗಿನಿಂದ ವರ್ಣಿಸುತ್ತಾನೆ. ಆ ಚಕ್ರದ ಮೇಲೆ ಇಟಾಲಾ ಮುಂದೆ ಸಾಗಿತು. ಆಗಸ್ಟ್ 10ರಂದು, ಹೊರಟು ಸರಿಯಾಗಿ ಎರಡು ತಿಂಗಳಿಗೆ, ಪ್ಯಾರಿಸ್ ತಲುಪಿ ಗೆದ್ದಿತು. ಗೆದ್ದವರ ಹೆಸರುಗಳನ್ನು ಮೇಲೆ ಬರೆದಿದ್ದೇವೆ. ಚಕ್ರ ಕಟ್ಟಿದವನ ಹೆಸರನ್ನು ಬರೆಯಲಾರೆವು.

ಇದೇ ಪ್ರಯಾಣದಲ್ಲಿ ಇದಕ್ಕಿಂತ ತುಸು ಹಿಂದೆ ನಡೆದ, ಆದರೆ ಇಷ್ಟು ಪ್ರಸಿದ್ಧವಾಗದ, ಇನ್ನೊಂದು ಸಂಗತಿಯಿದೆ. ಗೋದಾರನ ಸ್ಪೈಕರ್ ಸೈಬೀರಿಯಾದಲ್ಲಿ ನಿಂತುಹೋಯಿತು. ಕೆಟ್ಟದ್ದು ಮ್ಯಾಗ್ನೆಟೊ, ಎಂದರೆ ತಿರುಗುವ ಎಂಜಿನ್ನಿನ ಬಲದಿಂದಲೇ ವಿದ್ಯುತ್ತನ್ನು ಹುಟ್ಟಿಸಿ ಕಿಡಿ ಕೊಡುವ ಪುಟ್ಟ ಯಂತ್ರ. ಕೂದಲೆಳೆಯಂತಹ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ ಅದರೊಳಗಿರುತ್ತದೆ. ಆ ಸುರುಳಿ ಸುಟ್ಟರೆ ಕೊಡಲಿ ಹಿಡಿದವನಿಗೆ ಮಾಡುವುದೇನೂ ಇಲ್ಲ. ಗೋದಾರ್ ಅದನ್ನು ಸರಿಮಾಡಿಸಿಕೊಳ್ಳಲು ರೈಲು ಹತ್ತಿ, ಸಾವಿರ ಕಿಲೋಮೀಟರಿಗೂ ದೂರದ ಟಾಮ್ಸ್ಕ್ ನಗರಕ್ಕೆ ಹೋಗಬೇಕಾಯಿತು. 1900ರಲ್ಲಿ ತೆರೆದ ಒಂದು ತಂತ್ರವಿದ್ಯಾ ಸಂಸ್ಥೆ ಅಲ್ಲಿತ್ತು. ವಿದ್ಯುತ್ತಿನ ವಿಷಯ ಓದಿಕೊಂಡವರು ಅಲ್ಲಿದ್ದರು. ಮ್ಯಾಗ್ನೆಟೊ ಜೀವ ಪಡೆಯಿತು. ಗೋದಾರ್ ರೈಲಿನಲ್ಲಿ ಹಿಂದಕ್ಕೆ ಬಂದು, ನಿಂತ ಜಾಗದಿಂದಲೇ ಕಾರನ್ನು ಮತ್ತೆ ಓಡಿಸಿ, ಕಳೆದುಕೊಂಡ ದಿನಗಳನ್ನು ಹಗಲಿರುಳು ಬೆನ್ನಟ್ಟಿದ.

ಒಂದೇ ಬೇಸಗೆ, ಒಂದೇ ದಾರಿ, ಎರಡು ಕಾರುಗಳು. ಒಂದಕ್ಕೆ ಹಳ್ಳಿಯ ಕೊಡಲಿ ಸಾಕಾಯಿತು, ಇನ್ನೊಂದಕ್ಕೆ ವಿದ್ಯಾಸಂಸ್ಥೆಯ ಪ್ರಯೋಗಾಲಯವೇ ಬೇಕಾಯಿತು. ಮುಂದಿನ ನೂರು ವರ್ಷಗಳ ರಿಪೇರಿಯ ಚರಿತ್ರೆ ಕೊಡಲಿಯಿಂದ ಟಾಮ್ಸ್ಕ್ ಕಡೆಗೆ ನಡೆದ ಚರಿತ್ರೆ ಎಂದು ಹೇಳಿಬಿಡುವ ಆಸೆಯಾಗುತ್ತದೆ. ಆದರೆ ನಮ್ಮ ದೇಶದಲ್ಲಿ ಅದು ಅಷ್ಟು ನೇರವಾಗಿ ನಡೆಯಲಿಲ್ಲ. ಇಲ್ಲಿ ನಡುವೆ ಒಂದು ದೀರ್ಘವಾದ ತಂಗುದಾಣವಿತ್ತು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ನಮ್ಮ ರಸ್ತೆಗಳ ಮೇಲೆ ಅಮೆರಿಕ, ಇಂಗ್ಲೆಂಡುಗಳ ಹತ್ತಾರು ಬಗೆಯ ಕಾರುಗಳು ಓಡುತ್ತಿದ್ದವು. ಬರಿದೆ ಜೋಡಿಸಿ ಮಾರುವ ವಿದೇಶಿ ಕಂಪನಿಗಳನ್ನು ಸರಕಾರ ಉತ್ತೇಜಿಸದಿರಲು ತೀರ್ಮಾನಿಸಿದ ಮೇಲೆ, ಜನರಲ್ ಮೋಟಾರ್ಸ್ ಮತ್ತು ಫೋರ್ಡ್ 1954ರ ಹೊತ್ತಿಗೆ ಇಲ್ಲಿಂದ ಹೊರಟವು. ಉಳಿದದ್ದು ಮುಖ್ಯವಾಗಿ ಮೂರು: ಕಲಕತ್ತೆಯ ಬಳಿ ಉತ್ತರಪಾರದ ಹಿಂದುಸ್ತಾನ್ ಮೋಟಾರ್ಸ್, ಮುಂಬೈಯ ಕುರ್ಲಾದ ಪ್ರೀಮಿಯರ್, ಮದರಾಸಿನ ಸ್ಟ್ಯಾಂಡರ್ಡ್. ಐವತ್ತರ ದಶಕದ ಕೊನೆಯಲ್ಲಿ ಬಂದ ಅಂಬಾಸಡರ್ 2014ರವರೆಗೆ ತಯಾರಾಯಿತು. ಇಟಲಿಯ ಫಿಯೆಟ್ 1100 ಹೆಸರು ಬದಲಿಸುತ್ತಾ ಪ್ರೀಮಿಯರ್ ಪದ್ಮಿನಿಯಾಗಿ ಶತಮಾನದ ಕೊನೆಯವರೆಗೆ ಬಂದಿತು. ಮುಂಬೈಯ ಕರಿ-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ನಮ್ಮ ಬಳಗದ ಮುಂಬೈ ಗೆಳೆಯರಲ್ಲಿ ಅಂದು ಮಂಕಾದವರು ಹಲವರು.

ಪರವಾನಗಿಯ ಕಾಲವನ್ನು ನಾವು ಹೊಗಳಲು ಹೊರಟಿಲ್ಲ. ಒಂದು ಕಾರಿಗಾಗಿ ವರ್ಷಗಟ್ಟಲೆ ಕಾದು, ಕೊನೆಗೆ ಬಂದದ್ದು ಮೊದಲ ಮಳೆಯಲ್ಲೇ ಸೋರುತ್ತಿದ್ದುದು ಎಲ್ಲರಿಗೂ ಗೊತ್ತಿದೆ. ಆದರೆ ಆ ವ್ಯವಸ್ಥೆ ಯೋಚಿಸದೆ, ಯೋಜಿಸದೆ, ಒಂದು ಒಳ್ಳೆಯ ಕೆಲಸವನ್ನು ಮಾಡಿತು. ಕಾರು ಬದಲಾಗಲಿಲ್ಲವಾದ್ದರಿಂದ ಅದರ ಜ್ಞಾನ ಹರಡಿತು. ಬದಲಾಗದ ಎಂಜಿನ್ನನ್ನು ದೇಶದ ಮೂಲೆಮೂಲೆಯ ಹುಡುಗರು ಕಲಿತರು. ಶಾಲೆಯಲ್ಲಿ ಅಲ್ಲ, ಆಲದ ಮರದ ಕೆಳಗೆ, ಉಸ್ತಾದನ ಬೈಗಳು ತಿನ್ನುತ್ತಾ. ದೆಹಲಿಯ ಕಾಶ್ಮೀರಿ ಗೇಟ್, ಚೆನ್ನೈನ ಪುದುಪೇಟೆ, ಸಿಕಂದರಾಬಾದಿನ ರಾಣಿಗಂಜ್, ಬೆಂಗಳೂರಿನ ಜೆ.ಸಿ. ರಸ್ತೆಗಳಲ್ಲಿ ಬಿಡಿಭಾಗಗಳ ಸಂತೆಯೇ ಬೆಳೆಯಿತು. ಕೇರಳದಲ್ಲಿ ಕೆಟ್ಟ ಅಂಬಾಸಡರನ್ನು ಬಿಹಾರದಲ್ಲಿ ಕಲಿತ ಕೈ ಸರಿಮಾಡಬಹುದಿತ್ತು.

ಇಂತಹ ಕಾಲದಲ್ಲಿ ದೂರಪ್ರಯಾಣಕ್ಕೆ ಹೊರಡುವುದೆಂದರೆ ದಂಡಯಾತ್ರೆಗೆ ಹೊರಟಂತೆ. ಮುಂಬೈಯಿಂದ ಊರಿಗೆ ಫಿಯೆಟ್ಟಿನಲ್ಲಿ ಬರುತ್ತಿದ್ದ ನಮ್ಮ ದೊಡ್ಡಪ್ಪನವರ ಡಿಕ್ಕಿಯಲ್ಲಿ ಬಟ್ಟೆಯ ಪೆಟ್ಟಿಗೆಗಿಂತ ಮೊದಲು ಏರುತ್ತಿದ್ದುದು ಒಂದು ತಗಡಿನ ಡಬ್ಬಿ. ಅದರಲ್ಲಿ ಫ್ಯಾನ್ ಬೆಲ್ಟು, ನಾಲ್ಕು ಪ್ಲಗ್ಗು, ಕಂಡೆನ್ಸರು, ಪಾಯಿಂಟು, ಉಜ್ಜುಕಾಗದ, ತಂತಿ, ಒಂದು ಬಾರು ಬಟ್ಟೆಸೋಪು, ಮತ್ತು ಕಾಗದದಲ್ಲಿ ಕಟ್ಟಿದ ಅರಿಶಿನ ಪುಡಿ. ಅರಿಶಿನ ಪೂಜೆಗಲ್ಲ. ರೇಡಿಯೇಟರು ಸಣ್ಣಗೆ ಸೋರತೊಡಗಿದರೆ ಅದರ ನೀರಿಗೆ ಅರಿಶಿನ ಹಾಕಬೇಕು. ಅದು ಹೋಗಿ ಬಿರುಕಿನಲ್ಲಿ ಕೂತು ಸೋರಿಕೆಯನ್ನು ತಡೆಯುತ್ತದೆ. ಪೆಟ್ರೋಲ್ ಟ್ಯಾಂಕು ಸೋರಿದರೆ ಸೋಪನ್ನು ತಿಕ್ಕಿ ಮೆತ್ತಬೇಕು. ಖಂಬಾಟಕಿ ಘಾಟಿನಲ್ಲಿ ಬಿಸಿಲಿಗೆ ಪೆಟ್ರೋಲು ನಳಿಕೆಯಲ್ಲಿಯೇ ಆವಿಯಾಗಿ ಗಾಡಿ ನಿಂತರೆ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಒಂದು ಕಪ್ಪು ಚಹಾ ಕುಡಿದು, ಮತ್ತೆ ಕೀಲಿ ತಿರುಗಿಸಬೇಕು. ದೊಡ್ಡಪ್ಪನವರು ಬ್ಯಾಂಕಿನ ಗುಮಾಸ್ತರು, ಎಂಜಿನಿಯರಲ್ಲ. ಇಷ್ಟೂ ಅವರಿಗೆ ಗೊತ್ತಿತ್ತು. ಕಾರು ಪ್ರತಿ ಪ್ರಯಾಣದಲ್ಲಿಯೂ ಒಮ್ಮೆ ಕೆಡುತ್ತಿತ್ತು ಎಂಬುದನ್ನೂ ಇಲ್ಲಿಯೇ ಹೇಳದಿದ್ದರೆ ಅಪ್ರಾಮಾಣಿಕವಾಗುತ್ತದೆ. ಮಕ್ಕಳಾದ ನಾವು ರಸ್ತೆಬದಿಯ ಹುಣಿಸೆಮರಗಳನ್ನು ಅವು ಕೊಟ್ಟ ನೆರಳಿನಿಂದ ಗುರುತಿಸುತ್ತಿದ್ದೆವು. ಈಗಿನ ಕಾರು ಕೆಡುವುದು ಅಪರೂಪ. ಕೆಟ್ಟಾಗ ಮಾತ್ರ ನಾವು ಪೂರ್ತಿ ನಿರ್ಗತಿಕರು.

1983ರ ಡಿಸೆಂಬರಿನಲ್ಲಿ ಮಾರುತಿ ಬಂದಿತು, ಆಮೇಲೆ ತೊಂಬತ್ತರ ದಶಕದಲ್ಲಿ ಬಾಗಿಲು ಪೂರ್ತಿ ತೆರೆಯಿತು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ದೆಹಲಿಯ ಗಾಳಿಯನ್ನು ಗಮನದಲ್ಲಿಟ್ಟುಕೊಂಡು ಹೊಸ ಕಾರುಗಳಿಗೆ ಯೂರೋ ಮಾನದಂಡಗಳನ್ನು ಕಡ್ಡಾಯ ಮಾಡಿತು. ಕಾರ್ಬ್ಯುರೇಟರು ಹೋಯಿತು, ಇಂಧನವನ್ನು ಹನಿಯ ಲೆಕ್ಕದಲ್ಲಿ ಚಿಮ್ಮಿಸುವ ವಿದ್ಯುನ್ಮಾನ ವ್ಯವಸ್ಥೆ ಬಂದಿತು. ಎಂಜಿನ್ನಿನ ಪ್ರತಿ ಸುತ್ತನ್ನೂ ಸೆನ್ಸರುಗಳು ಓದಿ ಒಂದು ಪುಟ್ಟ ಕಂಪ್ಯೂಟರಿಗೆ ವರದಿ ಮಾಡತೊಡಗಿದವು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್ ಆರರ ನಿಯಮ. ಇದರ ವಿರುದ್ಧ ನಮಗೆ ಯಾವ ತಕರಾರೂ ಇಲ್ಲ. ದೆಹಲಿಯ ವರ್ಗಾವಣೆಯ ನಾಲ್ಕು ಚಳಿಗಾಲಗಳನ್ನು ಮಕ್ಕಳ ಕೆಮ್ಮು ಕೇಳುತ್ತಾ ಕಳೆದ ನಾವು ಕಾರ್ಬ್ಯುರೇಟರಿಗಾಗಿ ಕಣ್ಣೀರು ಹಾಕಲಾರೆವು.

ತಕರಾರು ಇರುವುದು ಬೇರೆಡೆ. ಮ್ಯಾಗ್ನೆಟೊ ಕಷ್ಟದ ವಸ್ತುವಾಗಿತ್ತು ನಿಜ. ಆದರೆ ಟಾಮ್ಸ್ಕ್ ನಗರದ ಸಂಸ್ಥೆಗೆ ಹೋಗಿ ಬಾಗಿಲು ತಟ್ಟಿದವನಿಗೆ ಬಾಗಿಲು ತೆರೆಯಿತು. ವಿದ್ಯೆ ಬೇಕಾಗಿತ್ತು, ಅನುಮತಿ ಬೇಕಾಗಿರಲಿಲ್ಲ. ನಮ್ಮ ಕಾಲದಲ್ಲಿ ಈ ಎರಡನ್ನೂ ಒಂದೇ ಎಂಬಂತೆ ಬೆರೆಸಿಬಿಟ್ಟಿದ್ದಾರೆ. ಭಾರತೀಯ ಸ್ಪರ್ಧಾ ಆಯೋಗದ ಮುಂದೆ 2011ರಲ್ಲಿ ಬಂದ ಒಂದು ದೂರಿನ ಹೂರಣವೇ ಇದು. ವಿಚಾರಣೆ ಬೆಳೆಯುತ್ತಾ ಹೋಗಿ, 2014ರ ಆಗಸ್ಟ್ 25ರಂದು ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲ್ಪಟ್ಟ ದಂಡ ವಿಧಿಸಿತು. ಅಸಲಿ ಬಿಡಿಭಾಗಗಳು, ದೋಷ ಪತ್ತೆಯ ಉಪಕರಣಗಳು, ತಾಂತ್ರಿಕ ಕೈಪಿಡಿಗಳು ತಮ್ಮ ಅಧಿಕೃತ ಮಾರಾಟಗಾರರಿಗೆ ಬಿಟ್ಟು ಸ್ವತಂತ್ರ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ಕಂಪನಿಗಳು ತಡೆದಿದ್ದವು ಎಂಬುದು ಆಯೋಗದ ತೀರ್ಮಾನ. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ರದ್ದಾಗುವುದೆಂಬ ಬೆದರಿಕೆಯೂ ಇತ್ತು. ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿತು. ಕೃಷಿ ಯಂತ್ರಗಳು, ಮೊಬೈಲುಗಳು, ಗೃಹೋಪಯೋಗಿ ವಸ್ತುಗಳು, ವಾಹನಗಳು ಅದರ ವ್ಯಾಪ್ತಿಯಲ್ಲಿ ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಜಾಲತಾಣವೂ ತೆರೆಯಿತು. ಸಮಿತಿ, ಜಾಲತಾಣ, ಕಡತ, ಇವುಗಳ ನಡುವೆಯೇ ಇಪ್ಪತ್ತು ವರ್ಷ ಸವೆಸಿದ ನಾವು ಇವುಗಳನ್ನು ಗೇಲಿ ಮಾಡುವುದಿಲ್ಲ. ಕಡತ ಹುಟ್ಟದೆ ಕಾನೂನು ಹುಟ್ಟುವುದಿಲ್ಲ ಎಂಬುದು ನಮಗೆ ಗೊತ್ತು. ಅದು ಹುಟ್ಟಿ ನಿಪ್ಪಾಣಿಯವರೆಗೆ ನಡೆಯಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದೂ ಗೊತ್ತು.

ಮಿಸ್ತ್ರಿ ಮೂರೂವರೆಗೆ ಬೈಕಿನ ಮೇಲೆ ಬಂದರು. ಅರವತ್ತು ದಾಟಿದ ಮನುಷ್ಯ, ತಲೆಯ ಮೇಲೆ ಬಿಳಿಯ ಗಾಂಧಿ ಟೋಪಿ, ಹೆಗಲಿಗೆ ಒಂದು ರೆಕ್ಸಿನ್ ಚೀಲ. ಮೊದಲು ತಾಯಿಯವರ ಕಡೆ ತಿರುಗಿ, ‘ಅವ್ವಾರ, ನೀರು ಕುಡದ್ರೇನ್ರಿ?’ ಎಂದು ವಿಚಾರಿಸಿದರು. ಆಮೇಲೆ ನಮ್ಮನ್ನು ನಾಲ್ಕು ಪ್ರಶ್ನೆ ಕೇಳಿದರು. ಎಷ್ಟು ದೂರ ಓಡಿದ ಮೇಲೆ ನಿಂತಿತು? ನಿಲ್ಲುವಾಗ ಜಗ್ಗಿತೋ, ತಟ್ಟನೆ ಆರಿತೋ? ಇದಕ್ಕೂ ಮೊದಲು ಹೀಗಾಗಿತ್ತೇ? ಹೋದ ವಾರ ಕಾತ್ರಜದ ಏರಿನಲ್ಲಿ ಒಮ್ಮೆ ಆರಿ, ಹತ್ತು ನಿಮಿಷದ ಮೇಲೆ ತಾನಾಗಿಯೇ ಚಾಲೂ ಆಗಿತ್ತು ಎಂದೆವು.

‘ಹಂಗಾರ ಮುಗೀತು. ಬಿಸಿ ಆದ್ರ ಸಾಯ್ತೈತಿ, ತಣ್ಣಗಾದ್ರ ಏಳ್ತೈತಿ. ಕ್ರ್ಯಾಂಕಿನ ಸೆನ್ಸರ್ ಹೋಗೈತ್ರಿ, ಸಾಹೇಬ್ರ.’

ಚೀಲದಿಂದ ಒಂದು ಸ್ಕ್ಯಾನರ್ ತೆಗೆದು ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಸಿಕ್ಕಿಸಿದರು. ಹಳೆಯ ಮಾದರಿಗಳೊಡನೆ ಮಾತಾಡುವ ಅದು ನಮ್ಮ ಕಾರಿನೊಡನೆ ಮಾತಾಡಲಿಲ್ಲ. ‘ಇದರ ಸಾಫ್ಟ್‌ವೇರ್ ಕಂಪನಿಯವರು ಹೊರಗ ಕೊಡಂಗಿಲ್ರಿ’ ಎಂದು ಅದನ್ನು ಚೀಲಕ್ಕೆ ಹಾಕಿ, ಬಾಟಲಿಯ ನೀರಿನಲ್ಲಿ ಒಂದು ಬಟ್ಟೆಯನ್ನು ನೆನೆಸಿ, ಎಂಜಿನ್ನಿನ ಕೆಳಗೆ ಕೈ ತೂರಿಸಿ, ಹೆಬ್ಬೆರಳಿನ ಗಾತ್ರದ ಯಾವುದೋ ಭಾಗಕ್ಕೆ ಸುತ್ತಿದರು. ದೊಡ್ಡಪ್ಪನವರ ಒದ್ದೆ ಬಟ್ಟೆ ನಲವತ್ತು ವರ್ಷಗಳ ಮೇಲೆ ಮತ್ತೆ ಕಣ್ಣೆದುರು ಬಂದಿತು. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದೆವು. ಎಂಜಿನ್ನು ಎದ್ದಿತು.

ಅವರ ಶೆಡ್ಡಿನವರೆಗೆ ಹಿಂದಿರುಗಿದೆವು. ಅಲ್ಲಿಂದ ಅವರು ಕೊಲ್ಹಾಪುರದ ಅಂಗಡಿಗಳಿಗೆ ಫೋನು ಹಚ್ಚಿದರು. ಹೊಸ ಸೆನ್ಸರು ಕಂಪನಿಯ ಮಳಿಗೆಯಲ್ಲಿ ಮಾತ್ರ, ಅದೂ ಗಾಡಿ ಅಲ್ಲಿಗೇ ಬಂದರೆ. ನಾಲ್ಕನೆಯ ಕರೆಯಲ್ಲಿ ಗುಜರಿಯವನೊಬ್ಬ ಸಿಕ್ಕಿದ. ಅಪಘಾತಕ್ಕೀಡಾದ ಅದೇ ಮಾದರಿಯ ಕಾರೊಂದನ್ನು ಅವನು ಬಿಚ್ಚಿ ಹಾಕಿದ್ದ. ಸೆನ್ಸರನ್ನು ಕಾಗದದಲ್ಲಿ ಸುತ್ತಿ ಬೆಳಗಾವಿಗೆ ಹೊರಟ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟ. ಆರು ಗಂಟೆಗೆ ಮಿಸ್ತ್ರಿಯವರ ಹುಡುಗ ನಿಪ್ಪಾಣಿಯ ಬಸ್ ನಿಲ್ದಾಣದಿಂದ ಅದನ್ನು ಇಸಿದುಕೊಂಡು ಬಂದ. ಕೂರಿಸಲು ಹಿಡಿದದ್ದು ಇಪ್ಪತ್ತು ನಿಮಿಷ. ಎಲ್ಲ ಸೇರಿ ಹದಿನೆಂಟುನೂರು ರೂಪಾಯಿ. ಮಗ ಪುಣೆಯ ಚಾಕಣದ ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಕಾರು ಜೋಡಿಸುತ್ತಾನಂತೆ. ‘ಇಡೀ ದಿನಾ ಎಡಗಡೆ ಬಾಗಲಾ ಒಂದೇ ಕೂಡಸ್ತಾನ್ರಿ’ ಎಂದರು, ನಗುತ್ತಾ.

ಎಂಜಿನ್ನು ಓಡುತ್ತಿದ್ದರೂ ಕಣ್ಣೆದುರಿನ ಫಲಕದ ಮೇಲೆ ಹಳದಿ ದೀಪವೊಂದು ಆರದೆ ಉರಿಯುತ್ತಲೇ ಇತ್ತು. ಕೆಟ್ಟಿದ್ದನ್ನು ಕಂಪ್ಯೂಟರು ನೆನಪಿಟ್ಟುಕೊಂಡಿದೆ, ಅದನ್ನು ಅಳಿಸುವ ಅಧಿಕಾರ ತಮ್ಮ ಸ್ಕ್ಯಾನರಿಗಿಲ್ಲ ಎಂದರು ಮಿಸ್ತ್ರಿ. ‘ಉರೀಲಿ ಬಿಡ್ರಿ. ಅದು ಗಾಡಿ ಸಲುವಾಗಿ ಉರೀಲಿಕ್ಕತ್ತಿಲ್ಲ. ಕಂಪನಿಯವ್ರನ್ನ ಕರೀಲಿಕ್ಕತ್ತೈತಿ.’

ಧಾರವಾಡ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ದೇವಕಾರ್ಯವನ್ನು ಅಕ್ಕ ತಡೆಹಿಡಿದು ಕಾದಿದ್ದರು. ಭಟ್ಟರು ಮಾತ್ರ ಮುಖ ಗಂಟಿಕ್ಕಿಕೊಂಡಿದ್ದರು. ಮದುವೆ ಮುಗಿಸಿ ಸೋಮವಾರ ಹಿಂದಿರುಗುವಾಗ ನಿಪ್ಪಾಣಿಯಲ್ಲಿ ಹೆದ್ದಾರಿ ಬಿಟ್ಟು ಶೆಡ್ಡಿಗೆ ಹೋದೆವು. ಮಿಸ್ತ್ರಿ ಒಂದು ಟ್ರಾಕ್ಟರಿನ ಕೆಳಗೆ ಮಲಗಿದ್ದರು. ತಾಯಿಯವರು ಕೊಟ್ಟ ಲಾಡುವಿನ ಪೊಟ್ಟಣವನ್ನು ತೆಗೆದುಕೊಳ್ಳುವ ಮೊದಲು ಕೈಗಳನ್ನು ಎರಡು ಸಲ ಒರೆಸಿಕೊಂಡರು. ಆಮೇಲೆ ನಮ್ಮ ಕಾರಿನ ಕಿಟಕಿಯೊಳಗೆ ಬಗ್ಗಿ ಫಲಕದ ಕಡೆ ನೋಡಿದರು.

‘ದೀಪಾ ಇನ್ನೂ ಉರೀಲಿಕ್ಕತ್ತೈತೇನ್ರಿ?’

‘ಹೌದ್ರಿ.’

‘ಇರ್ಲಿ’ ಎಂದು ಮತ್ತೆ ಟ್ರಾಕ್ಟರಿನ ಕೆಳಗೆ ಸರಿದರು.